ಮೈಸೂರಿನ ರೈಲು ಮ್ಯೂಸಿಯಂ: ಒಂದು ಮೀಟರ್ ಅಗಲದ ಹಳಿಯ ಕಥೆ

ಮೈಸೂರಿಗೆ ಬಂದವರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿಕೊಂಡು ಸಂಜೆಗೆ ಬೃಂದಾವನದ ಕಡೆ ಹೊರಡುತ್ತಾರೆ. ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯ ಎದುರಿಗೆ, ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಇರುವ ರೈಲು ಮ್ಯೂಸಿಯಂಗೆ ಮಕ್ಕಳಿದ್ದವರು ಇಳಿಯುತ್ತಾರೆ. ಉಳಿದವರು ಮುಂದೆ ಹೋಗಿಬಿಡುತ್ತಾರೆ. ಒಳಗೆ ಹೋದವರೂ ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹಾಕಿ, ಕಪ್ಪು ಎಂಜಿನ್ನಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಡುವುದೇ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ನಿಂತಿರುವ ಎಂಜಿನ್ನು, ಬೋಗಿ, ಸಿಗ್ನಲ್ಲುಗಳು ಬಿಡಿ ವಸ್ತುಗಳಲ್ಲ. ಅವುಗಳನ್ನು ಜೋಡಿಸುವ ಒಂದು ಎಳೆ ಇದೆ. ಅದು ಸಿಕ್ಕರೆ ಅದೇ ಜಾಗ ಬೇರೆಯೇ ಆಗಿ ಕಾಣುತ್ತದೆ.

ಆ ಎಳೆ ಎಂಜಿನ್ನಿನ ಕೆಳಗಿದೆ. ಚಕ್ರಗಳ ಕೆಳಗಿನ ಎರಡು ಕಂಬಿಗಳ ನಡುವಿನ ಅಂತರ ನೋಡಿ. ಒಳ ಅಂಚಿನಿಂದ ಒಳ ಅಂಚಿಗೆ ಸರಿಯಾಗಿ ಒಂದು ಮೀಟರ್. ಇವತ್ತು ಮೈಸೂರು ನಿಲ್ದಾಣದಲ್ಲಿ ರೈಲು ಹತ್ತುವಾಗ ಕಾಣುವ ಹಳಿಗಳ ನಡುವೆ 1,676 ಮಿಲಿಮೀಟರ್ ಇರುತ್ತದೆ. ಅಂದರೆ ಐದೂವರೆ ಅಡಿ. ಒಂದು ಬ್ರಾಡ್‌ಗೇಜ್, ಇನ್ನೊಂದು ಮೀಟರ್‌ಗೇಜ್. ಈ ಎರಡು ಅಳತೆಗಳ ನಡುವಿನ ವ್ಯತ್ಯಾಸ ಹಳೇ ಮೈಸೂರಿನ ನೂರು ವರ್ಷದ ಆರ್ಥಿಕ ಚರಿತ್ರೆಯನ್ನೇ ಎಳೆದಾಡಿದೆ.

ಎರಡು ಅಳತೆ ಯಾಕೆ ಬಂತು?

ಭಾರತದಲ್ಲಿ 1853ರಲ್ಲಿ ಮುಂಬೈಯಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಆಗಲೇ ಐದೂವರೆ ಅಡಿ ಅಂತರ ನಿರ್ಧಾರವಾಗಿತ್ತು. ಅಗಲವಾದ ಹಳಿಯ ಮೇಲೆ ದೊಡ್ಡ ಬೋಗಿ ಸ್ಥಿರವಾಗಿ ನಿಲ್ಲುತ್ತದೆ, ಭಾರ ಜಾಸ್ತಿ ಹೊರುತ್ತದೆ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಸಮಸ್ಯೆ ಇದ್ದದ್ದು ಖರ್ಚಿನಲ್ಲಿ. 1860ರ ದಶಕ ಮುಗಿಯುವ ಹೊತ್ತಿಗೆ ಮುಖ್ಯ ಊರುಗಳ ನಡುವಿನ ಮಾರ್ಗಗಳಿಗೇ ಅಪಾರ ಹಣ ಸುರಿದಾಗಿತ್ತು. ಒಳನಾಡಿಗೆ, ಸಣ್ಣ ಪಟ್ಟಣಗಳಿಗೆ ಅದೇ ದರ್ಜೆಯ ಹಳಿ ಹಾಕಲು ಸರ್ಕಾರದ ಹತ್ತಿರ ದುಡ್ಡಿರಲಿಲ್ಲ.

1869ರಲ್ಲಿ ವೈಸರಾಯ್ ಆಗಿ ಬಂದ ಲಾರ್ಡ್ ಮೇಯೊ ಕಿರಿದಾದ ಹಳಿಯ ಪರ ನಿಂತರು. ಭಾರತದಲ್ಲಿ ಮೆಟ್ರಿಕ್ ಅಳತೆ ತರುವ ಯೋಚನೆಯೂ ಅದೇ ಕಾಲದ್ದು. ಹಾಗಾಗಿ ಅಂತರವನ್ನು ನೇರವಾಗಿ ಒಂದು ಮೀಟರ್ ಎಂದು ಇಟ್ಟರು. ನಮ್ಮ ಜನರ ಕೈಗೆ ಕಿಲೊ, ಮೀಟರುಗಳು ಬಂದದ್ದು 1950ರ ದಶಕದ ಕೊನೆಗೆ. ಅದಕ್ಕೂ ಎಂಬತ್ತು ವರ್ಷ ಮುಂಚಿನಿಂದ ಮೀಟರ್ ಎಂಬ ಅಳತೆ ನಮ್ಮೂರ ಹೊಲಗಳ ನಡುವೆ ಕಬ್ಬಿಣದ ರೂಪದಲ್ಲಿ ಮಲಗಿತ್ತು. ದೇಶದ ಮೊದಲ ಮೀಟರ್‌ಗೇಜ್ ಮಾರ್ಗ 1873ರಲ್ಲಿ ದೆಹಲಿ ಮತ್ತು ರೇವಾರಿ ನಡುವೆ ಶುರುವಾಯಿತು.

ಹಳಿ ಹತ್ತಿರ ಬಂದರೆ ದುಡ್ಡು ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ಬರುತ್ತದೆ ಅಲ್ವಾ? ಅರವತ್ತೇಳು ಸೆಂಟಿಮೀಟರ್ ಕಡಿಮೆ ಆದದ್ದರಿಂದ ಉಳಿಯುವುದು ಅಲ್ಪ. ನಿಜವಾದ ಉಳಿತಾಯ ಅದರ ಜೊತೆಗೆ ಬರುವ ಹಗುರತನದಲ್ಲಿದೆ. ಎಂಜಿನ್ನು ಸಣ್ಣದು, ಬೋಗಿ ಸಣ್ಣದು, ಹಾಗಾಗಿ ಕಂಬಿ ತೆಳ್ಳಗಿದ್ದರೂ ಸಾಕು. ಸೇತುವೆಗೆ ಅಷ್ಟು ದಪ್ಪ ಕಂಬ ಬೇಡ. ಮಣ್ಣಿನ ಏರಿ ಅಷ್ಟು ಅಗಲ ಬೇಡ. ಕಿರಿದಾದ ಹಳಿ ಚುರುಕಾಗಿ ತಿರುಗುತ್ತದೆ, ಹಾಗಾಗಿ ಗುಡ್ಡವನ್ನು ಕೊರೆಯುವ ಬದಲು ಸುತ್ತಿಕೊಂಡು ಹೋಗಬಹುದು. ಇವೆಲ್ಲ ಕೂಡಿದಾಗ ಒಂದು ಬಡ ಸಂಸ್ಥಾನವೂ ತನ್ನ ಖಜಾನೆಯಿಂದ ರೈಲು ಹಾಕಿಸಿಕೊಳ್ಳುವ ಧೈರ್ಯ ಮಾಡಬಹುದಾಗಿತ್ತು.

ಬರ ಎಳೆದು ತಂದ ರೈಲು

ಮೈಸೂರಿನ ವಿಷಯಕ್ಕೆ ಬರೋಣ. ಮದ್ರಾಸ್ ಕಡೆಯಿಂದ ಬ್ರಾಡ್‌ಗೇಜ್ ರೈಲು 1864ರಲ್ಲಿ ಬೆಂಗಳೂರು ದಂಡಿಗೆ ಬಂದು ಮುಟ್ಟಿತು. ಅಲ್ಲಿಗೇ ನಿಂತಿತು. ಮುಂದಿನ ಹತ್ತಾರು ವರ್ಷ ಬೆಂಗಳೂರಿನಿಂದ ಆಚೆ ಎತ್ತಿನ ಗಾಡಿಯೇ ಗತಿ.

1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಕೈಕೊಟ್ಟಿತು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಆ ಬರವನ್ನು ಹಳಬರು ಧಾತು ಈಶ್ವರ ಬರ ಎಂದೇ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಹೀಗೆ ಕುಸಿದದ್ದನ್ನು ಓದಿದಾಗ ಈಗಲೂ ಮನಸ್ಸು ಭಾರವಾಗುತ್ತದೆ.

ಇದರಲ್ಲಿ ರೈಲಿನ ಪಾತ್ರ ಏನು? ಬೆಂಗಳೂರಿನ ತನಕ ರೈಲಿನಲ್ಲಿ ಧಾನ್ಯ ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಸಾಗಿಸುವುದೇ ಕಷ್ಟವಾಗಿತ್ತು. ಗಾಡಿ ಎಳೆಯಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸಾಯುತ್ತಿದ್ದವು. ಹಳಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅನ್ನವೂ ಮುಗಿಯುತ್ತದೆ ಎಂಬ ಸತ್ಯ ಆಡಳಿತಕ್ಕೆ ಆಗ ಕಣ್ಣೆದುರಿಗೆ ಬಂತು. ಬೆಂಗಳೂರು-ಮೈಸೂರು ಮಾರ್ಗದ ಮಣ್ಣಿನ ಕೆಲಸ ಬರಪರಿಹಾರದ ಕಾಮಗಾರಿಯಾಗಿಯೂ ನಡೆಯಿತು. ಹಸಿದ ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ ಏರಿಯ ಮೇಲೆ ಆ ರೈಲು ಓಡಿತು.

1881ರ ಮಾರ್ಚಿನಲ್ಲಿ ಬ್ರಿಟಿಷರು ಆಡಳಿತವನ್ನು ಹತ್ತನೇ ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿಸಿದರು. ರಂಗಾಚಾರ್ಲು ದಿವಾನರಾದರು. ಖಜಾನೆ ಬರಿದಾಗಿತ್ತು, ತಲೆಯ ಮೇಲೆ ಬರದ ಸಾಲ ಇತ್ತು. ಆದರೂ ರೈಲಿನ ಕೆಲಸ ನಿಲ್ಲಲಿಲ್ಲ. ಸುಮಾರು 138 ಕಿಲೊಮೀಟರ್ ಮೀಟರ್‌ಗೇಜ್ ಮಾರ್ಗ ಹಂತಹಂತವಾಗಿ ತೆರೆಯುತ್ತಾ 1882ರಲ್ಲಿ ಮೈಸೂರು ತಲುಪಿತು. 1891ರಲ್ಲಿ ನಂಜನಗೂಡಿಗೆ ಹೋಯಿತು. ನಡುವೆ ನಿರ್ವಹಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋದದ್ದೂ ಉಂಟು. 1919ರಲ್ಲಿ ಸಂಸ್ಥಾನ ಈ ಮಾರ್ಗವನ್ನು ಮತ್ತೆ ತಾನೇ ನಡೆಸಲು ಶುರು ಮಾಡಿತು. ಅದಕ್ಕೆ ಸ್ವಲ್ಪ ಮುಂಚೆ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು-ಅರಸೀಕೆರೆ ಮಾರ್ಗದ ಕೆಲಸ ನಡೆದಿತ್ತು. ಹೀಗೆ ಬೆಳೆದ ಮೈಸೂರು ಸ್ಟೇಟ್ ರೈಲ್ವೆ 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು.

ಮ್ಯೂಸಿಯಂನ ಚಾಮುಂಡಿ ಗ್ಯಾಲರಿಯಲ್ಲಿ ರೈಲ್ವೆ ಬೆಳೆದ ಬಗೆಯನ್ನು ತೋರಿಸುವ ಫೋಟೊ ಮತ್ತು ಚಿತ್ರಗಳಿವೆ. ಬಹಳ ಜನ ಅದನ್ನು ಎರಡು ನಿಮಿಷದಲ್ಲಿ ದಾಟುತ್ತಾರೆ. ಈ ಬರದ ಕಥೆ ತಲೆಯಲ್ಲಿಟ್ಟುಕೊಂಡು ನೋಡಿದರೆ ಅಲ್ಲಿ ನಿಲ್ಲಲೇಬೇಕು ಅನ್ನಿಸುತ್ತದೆ.

ಮ್ಯೂಸಿಯಂನ ಹೊರಗೂ ಈ ಕಥೆಯ ಎರಡು ದೊಡ್ಡ ಗುರುತುಗಳಿವೆ. ಒಂದು ಶ್ರೀರಂಗಪಟ್ಟಣ. ಅಲ್ಲಿ ರೈಲು ಕೋಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಈಗಿನ ಕಾಲವಾಗಿದ್ದರೆ ಯಾರೂ ಹಾಗೆ ಮಾಡಲು ಬಿಡುತ್ತಿರಲಿಲ್ಲ. ಅದಕ್ಕೆ ಸಾಕ್ಷಿಯೂ ಇದೆ. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಅಡಿಪಾಯದಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಒಂದೇ ಊರಿನಲ್ಲಿ, ಒಂದೇ ಮಾರ್ಗದಲ್ಲಿ, ನೂರಮೂವತ್ತೈದು ವರ್ಷದ ಅಂತರದಲ್ಲಿ ಹಳೆಯದರ ಬಗ್ಗೆ ನಮ್ಮ ಧೋರಣೆ ಎಷ್ಟು ಬದಲಾಯಿತು ನೋಡಿ.

ಇನ್ನೊಂದು ಗುರುತು ನಂಜನಗೂಡಿನ ಕಪಿಲಾ ನದಿಯ ಹಳೆಯ ಸೇತುವೆ. ಅದು 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ. ಜಗತ್ತಿನಲ್ಲಿ ಎಲ್ಲೂ ಉಗಿ ರೈಲು ಓಡದಿದ್ದ ಕಾಲದ್ದು. ಗಾಡಿ, ಕುದುರೆ, ನಡೆದು ಹೋಗುವವರಿಗಾಗಿ ಕಟ್ಟಿದ ಅದೇ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಇದು ಸಾಧ್ಯವಾಗಿದ್ದು ಮೀಟರ್‌ಗೇಜ್ ಹಗುರವಾಗಿದ್ದರಿಂದ. ಬ್ರಾಡ್‌ಗೇಜ್ ಬಂದಾಗ ಬೇರೆ ಸೇತುವೆ ಕಟ್ಟಬೇಕಾಯಿತು. ಕಿರಿದಾದ ಹಳಿಯಿಂದ ಏನು ಉಳಿಯುತ್ತಿತ್ತು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಎಂಜಿನ್ನನ್ನು ಓದುವುದು

ಈಗ ಎಂಜಿನ್ನಿನ ಹತ್ತಿರ ಹೋಗೋಣ. ಮ್ಯೂಸಿಯಂನಲ್ಲಿರುವ ಇ.ಎಸ್. 506 ಎಂಬ ಉಗಿ ಎಂಜಿನ್ನಿನ ಬಗ್ಗೆ 4-6-2 ಎಂಬ ಅಂಕಿ ಕಾಣುತ್ತದೆ. ಇದು ಚಕ್ರಗಳ ಲೆಕ್ಕ. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡ ಚಕ್ರ, ಹಿಂದೆ ಎರಡು ಸಣ್ಣ ಚಕ್ರ. ಎರಡೂ ಬದಿ ಸೇರಿಸಿ ಎಣಿಸಬೇಕು, ಹಾಗಾಗಿ ಒಂದು ಬದಿಯಿಂದ ನೋಡಿದರೆ ಎರಡು, ಮೂರು, ಒಂದು ಕಾಣುತ್ತವೆ. ಎಳೆಯುವ ಶಕ್ತಿ ಇರುವುದು ನಡುವಿನ ದೊಡ್ಡ ಚಕ್ರಗಳಿಗೆ ಮಾತ್ರ. ಮುಂದಿನ ಸಣ್ಣ ಚಕ್ರಗಳು ತಿರುವಿನಲ್ಲಿ ಎಂಜಿನ್ನಿಗೆ ದಾರಿ ತೋರಿಸುತ್ತವೆ. ಹಿಂದಿನವು ಬೆಂಕಿ ಉರಿಯುವ ಪೆಟ್ಟಿಗೆಯ ಭಾರ ಹೊರುತ್ತವೆ.

ಈ ಜೋಡಣೆ ಪ್ರಯಾಣಿಕರ ರೈಲಿಗೆ ಹೇಳಿ ಮಾಡಿಸಿದ್ದು. ಸ್ವಾತಂತ್ರ್ಯದ ನಂತರ ಮೀಟರ್‌ಗೇಜಿಗಾಗಿ ಮಾಡಿದ ವೈಪಿ ಎಂಬ ಪ್ರಸಿದ್ಧ ಎಂಜಿನ್ನೂ 4-6-2 ಜಾತಿಯದೇ. 1949ರಿಂದ 1970ರವರೆಗೆ ಇಂಥ 871 ಎಂಜಿನ್ನುಗಳು ತಯಾರಾದವು. ಬಹುಪಾಲು ಜೆಮ್‌ಶೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲಿ. ಅದರ ಜೊತೆಗಾರ ವೈಜಿ ಗೂಡ್ಸ್ ಗಾಡಿಗೆ. ಅದರದ್ದು 2-8-2. ದೊಡ್ಡ ಚಕ್ರಗಳು ಎಂಟು, ಆದರೆ ಗಾತ್ರ ಚಿಕ್ಕದು. ವೇಗ ಬೇಕಿದ್ದರೆ ದೊಡ್ಡ ಚಕ್ರ, ಬಲ ಬೇಕಿದ್ದರೆ ಚಿಕ್ಕ ಚಕ್ರಗಳು ಜಾಸ್ತಿ ಸಂಖ್ಯೆಯಲ್ಲಿ. ಈ ಒಂದು ಸೂತ್ರ ಗೊತ್ತಿದ್ದರೆ ಯಾವ ಉಗಿ ಎಂಜಿನ್ ನೋಡಿದರೂ ಅದು ಜನರನ್ನು ಎಳೆಯುತ್ತಿತ್ತೋ ಸರಕನ್ನು ಎಳೆಯುತ್ತಿತ್ತೋ ಎಂದು ಊಹಿಸಬಹುದು.

ಶಕ್ತಿ ಹುಟ್ಟುವ ಬಗೆ ಹೀಗೆ. ಡ್ರೈವರ್ ನಿಲ್ಲುವ ಜಾಗದ ಮುಂದೆಯೇ ಬೆಂಕಿಯ ಪೆಟ್ಟಿಗೆ. ಫೈರ್‌ಮನ್ ಸಲಿಕೆಯಿಂದ ಅದಕ್ಕೆ ಕಲ್ಲಿದ್ದಲು ಎಸೆಯುತ್ತಾನೆ. ಅದರ ಮುಂದೆ ಉದ್ದಕ್ಕೆ ಮಲಗಿರುವ ದೊಡ್ಡ ಕೊಳವೆಯೇ ಬಾಯ್ಲರ್. ಅದರ ತುಂಬ ನೀರು, ನೀರಿನ ನಡುವೆ ಹಾದುಹೋಗುವ ಹತ್ತಾರು ಸಣ್ಣ ಕೊಳವೆಗಳು. ಬೆಂಕಿಯ ಬಿಸಿ ಹೊಗೆ ಈ ಕೊಳವೆಗಳ ಒಳಗೆ ಹರಿಯುತ್ತದೆ. ಒಂದೇ ದೊಡ್ಡ ಕೊಳವೆ ಇದ್ದರೆ ನೀರಿಗೆ ತಾಗುವ ಬಿಸಿ ಮೇಲ್ಮೈ ಕಡಿಮೆ. ಬಹಳ ಸಣ್ಣ ಕೊಳವೆಗಳಿದ್ದರೆ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ, ನೀರು ಬೇಗ ಕುದಿಯುತ್ತದೆ.

ನೀರು ಆವಿಯಾದರೆ ಬಯಲಿನಲ್ಲಿ ಅದು ಹಿಡಿಯುವ ಜಾಗ ಸುಮಾರು 1,600 ಪಟ್ಟು ಹೆಚ್ಚುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಹಿಗ್ಗಲು ಜಾಗವಿಲ್ಲ. ಹಾಗಾಗಿ ಒತ್ತಡ ಏರುತ್ತದೆ. ಡ್ರೈವರ್ ರೆಗ್ಯುಲೇಟರ್ ಎಂಬ ಹಿಡಿಕೆ ಎಳೆದಾಗ ಈ ಉಗಿ ಎಂಜಿನ್ನಿನ ಮುಂಭಾಗದ ಎರಡೂ ಬದಿಯಲ್ಲಿರುವ ಸಿಲಿಂಡರುಗಳಿಗೆ ನುಗ್ಗುತ್ತದೆ. ಒಳಗಿನ ಪಿಸ್ಟನ್ನನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ತಳ್ಳುತ್ತದೆ. ಪಿಸ್ಟನ್ ಹಿಂದೆ ಮುಂದೆ ಓಡಾಡುತ್ತದೆ. ಅದಕ್ಕೆ ಸೇರಿಸಿದ ಉದ್ದನೆಯ ರಾಡು ಆ ಓಡಾಟವನ್ನು ಚಕ್ರದ ತಿರುಗಾಟವಾಗಿ ಬದಲಿಸುತ್ತದೆ.

ಇಲ್ಲೊಂದು ತೊಡಕು ಇದೆ. ಸೈಕಲ್ಲಿನ ಒಂದು ಪೆಡಲ್ ಸರಿಯಾಗಿ ಮೇಲೆ, ಇನ್ನೊಂದು ಸರಿಯಾಗಿ ಕೆಳಗೆ ನಿಂತಾಗ ಎಷ್ಟು ಒತ್ತಿದರೂ ಸೈಕಲ್ ಹೊರಡುವುದಿಲ್ಲ. ಉಗಿ ಎಂಜಿನ್ನಿನಲ್ಲೂ ರಾಡು ಮತ್ತು ಚಕ್ರದ ನಡುಬಿಂದು ಒಂದೇ ಗೆರೆಗೆ ಬಂದಾಗ ಪಿಸ್ಟನ್ ತಳ್ಳಿದ್ದು ವ್ಯರ್ಥ. ಅದಕ್ಕೆ ಪರಿಹಾರವಾಗಿ ಎಡಬದಿಯ ಮತ್ತು ಬಲಬದಿಯ ರಾಡುಗಳನ್ನು ಕಾಲು ಸುತ್ತಿನಷ್ಟು ಹಿಂದೆಮುಂದೆ ಜೋಡಿಸಿರುತ್ತಾರೆ. ಒಂದು ಬದಿ ನಿಷ್ಪ್ರಯೋಜಕವಾಗಿ ನಿಂತ ಕ್ಷಣದಲ್ಲಿ ಇನ್ನೊಂದು ಬದಿ ಪೂರ್ತಿ ಬಲದಿಂದ ತಳ್ಳುತ್ತಿರುತ್ತದೆ. ಮ್ಯೂಸಿಯಂನಲ್ಲಿ ಎಂಜಿನ್ನಿನ ಒಂದು ಬದಿ ನೋಡಿ, ರಾಡು ಎಲ್ಲಿ ನಿಂತಿದೆ ಎಂದು ನೆನಪಿಟ್ಟುಕೊಳ್ಳಿ. ಆಮೇಲೆ ಸುತ್ತಿಕೊಂಡು ಇನ್ನೊಂದು ಬದಿಗೆ ಹೋಗಿ ನೋಡಿ. ಎರಡೂ ಒಂದೇ ಜಾಗದಲ್ಲಿ ಇರುವುದಿಲ್ಲ. ಮಕ್ಕಳಿಗೆ ಇದನ್ನು ತೋರಿಸಿದರೆ ಅವರ ಕಣ್ಣು ಅರಳುತ್ತದೆ.

ಛುಕ್ ಛುಕ್ ಶಬ್ದವೂ ಇಲ್ಲಿಂದಲೇ ಬರುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಸುಮ್ನೆ ಹೊರಗೆ ಬಿಡುವುದಿಲ್ಲ. ಅದನ್ನು ಚಿಮಣಿಯ ಬುಡಕ್ಕೆ ತಂದು ಮೇಲಕ್ಕೆ ಚಿಮ್ಮಿಸುತ್ತಾರೆ. ಹಾಗೆ ಚಿಮ್ಮಿದ ಉಗಿ ತನ್ನ ಜೊತೆ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಗೆ ಹೋದ ಜಾಗಕ್ಕೆ ಬೆಂಕಿಯ ಕಡೆಯಿಂದ ಹೊಸ ಗಾಳಿ ಬರುತ್ತದೆ, ಬೆಂಕಿ ಇನ್ನೂ ಚೆನ್ನಾಗಿ ಉರಿಯುತ್ತದೆ. ಅಂದರೆ ಎಂಜಿನ್ ಕಷ್ಟಪಟ್ಟು ಎಳೆದಷ್ಟೂ ಬೆಂಕಿ ತಾನಾಗಿಯೇ ಜೋರಾಗುತ್ತದೆ. ಯಾವ ಎಲೆಕ್ಟ್ರಾನಿಕ್ಸೂ ಇಲ್ಲದ ಕಾಲದಲ್ಲಿ ಯಂತ್ರ ತನ್ನನ್ನು ತಾನೇ ಹೀಗೆ ಹೊಂದಿಸಿಕೊಳ್ಳುತ್ತಿತ್ತು. ನನ್ನ ಮಟ್ಟಿಗೆ ಉಗಿ ಎಂಜಿನ್ನಿನ ಅತ್ಯಂತ ಸುಂದರವಾದ ಉಪಾಯ ಇದು.

ಎರಡು ಸಿಲಿಂಡರು, ಪ್ರತಿಯೊಂದರಲ್ಲಿ ಎರಡು ದಿಕ್ಕಿನ ತಳ್ಳಾಟ. ಹಾಗಾಗಿ ದೊಡ್ಡ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಛುಕ್. ವೈಪಿ ಎಂಜಿನ್ನಿನ ದೊಡ್ಡ ಚಕ್ರದ ವ್ಯಾಸ 1.37 ಮೀಟರ್. ಒಂದು ಸುತ್ತಿಗೆ ಅದು 4.3 ಮೀಟರ್ ಸಾಗುತ್ತದೆ. ಗಂಟೆಗೆ 15 ಕಿಲೊಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಛುಕ್ ಕೇಳುತ್ತದೆ. 60 ಕಿಲೊಮೀಟರಿಗೆ ಏರಿದರೆ ಸೆಕೆಂಡಿಗೆ ಹದಿನೈದಕ್ಕೂ ಜಾಸ್ತಿ. ಆಗ ಬಿಡಿಬಿಡಿ ಶಬ್ದ ಕೇಳದೆ ಒಂದೇ ಮೊರೆತವಾಗುತ್ತದೆ.

ಎಂಜಿನ್ನಿನ ಡ್ರೈವರ್ ಕೋಣೆಯನ್ನು ನೋಡುವಾಗ ಒಂದು ಗಾಜಿನ ಕೊಳವೆಯನ್ನು, ಅಥವಾ ಅದು ಇದ್ದ ಜಾಗವನ್ನು ಹುಡುಕಿ. ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂದು ತೋರಿಸುವುದು ಅದೇ. ಒತ್ತಡದ ಮೀಟರಿಗಿಂತಲೂ ಹೆಚ್ಚಾಗಿ ಡ್ರೈವರು, ಫೈರ್‌ಮನ್ ಇದರ ಮೇಲೆ ಕಣ್ಣಿಟ್ಟಿರಬೇಕಿತ್ತು. ಬೆಂಕಿಪೆಟ್ಟಿಗೆಯ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನೀರು ಇಳಿದರೆ ಆ ಲೋಹ ಕಾದು ಮೆತ್ತಗಾಗಿ ಬಾಯ್ಲರೇ ಸಿಡಿಯಬಹುದು. ಅದಕ್ಕೆಂದೇ ನೆತ್ತಿಯಲ್ಲಿ ಸೀಸದ ಬಿರಡೆ ಇಟ್ಟಿರುತ್ತಿದ್ದರು. ನೀರು ತಪ್ಪಿದರೆ ಮೊದಲು ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತಿತ್ತು. ಬೇಸಿಗೆಯ ಮಧ್ಯಾಹ್ನ, ಎದುರಿಗೆ ಉರಿಯುವ ಬೆಂಕಿ, ಅಲುಗಾಡುವ ಕಬ್ಬಿಣದ ನೆಲ. ಅದರ ಮೇಲೆ ನಿಂತು ಗಂಟೆಗಟ್ಟಲೆ ಸಲಿಕೆ ಎತ್ತಿದ ಫೈರ್‌ಮನ್‌ಗಳ ದುಡಿಮೆಯನ್ನು ಆ ಪುಟ್ಟ ಕೋಣೆಯನ್ನು ನೋಡಿದಾಗಲೇ ಅಂದಾಜು ಮಾಡಲು ಆಗುವುದು.

ಮಹಾರಾಣಿಯ ಸಲೂನ್

ಶ್ರೀರಂಗ ಪೆವಿಲಿಯನ್ನಿನಲ್ಲಿ ರಾಜಮನೆತನದ ಬೋಗಿಗಳಿವೆ. ಜನ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ಮಹಾರಾಣಿಯ ಸಲೂನ್, ಅಂದರೆ ಅವರ ಪ್ರಯಾಣಕ್ಕೆಂದೇ ಇದ್ದ ಖಾಸಗಿ ಬೋಗಿ, 1899ರದ್ದು. ಊಟದ ಕೋಣೆ, ಅಡುಗೆ ಮನೆ, ಶೌಚಾಲಯ ಎಲ್ಲ ಅದರ ವ್ಯವಸ್ಥೆಯಲ್ಲೇ ಇದ್ದವು. ಮೈಸೂರು ಅರಸರ ಇನ್ನೊಂದು ಸಲೂನ್ ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿದೆ.

ಒಳಗಿನ ವೈಭವಕ್ಕಿಂತ ಆ ಇಸವಿ ನನಗೆ ಹೆಚ್ಚು ಕುತೂಹಲದ್ದು. ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕ. 1895ರಿಂದ 1902ರವರೆಗೆ ರಾಜ್ಯ ನಡೆಸಿದವರು ತಾಯಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. 1899 ಎಂದರೆ ಒಬ್ಬ ಹೆಣ್ಣುಮಗಳು ಮೈಸೂರನ್ನು ಆಳುತ್ತಿದ್ದ ಕಾಲ. ಶಿವನಸಮುದ್ರದ ವಿದ್ಯುತ್ ಯೋಜನೆಯ ಕೆಲಸ ನಡೆದದ್ದೂ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ. ಆ ಸಲೂನಿನ ಮುಂದೆ ನಿಂತಾಗ ಮೆತ್ತನೆ ಆಸನದ ಜೊತೆಗೆ ಇದನ್ನೂ ನೆನೆಯಬೇಕು.

ಇದಕ್ಕೆ ಸರಿಯಾಗಿ ಎದುರು ತುದಿಯಲ್ಲಿರುವ ವಸ್ತು ಎಂದರೆ ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು. ರಸ್ತೆಯ ಕಾರಿಗೆ ಕಬ್ಬಿಣದ ಚಕ್ರ ಹಾಕಿ ಹಳಿ ತಪಾಸಣೆಗೆ ಬಳಸುವ ಉಪಾಯ. ಸ್ಟೀರಿಂಗಿಗೆ ಕೆಲಸವೇ ಇಲ್ಲ, ತಿರುವನ್ನು ಹಳಿಯೇ ನೋಡಿಕೊಳ್ಳುತ್ತದೆ. ಇಷ್ಟು ಹಗುರವಾದ ಗಾಡಿ ಹಳಿಯ ಪ್ರತಿಯೊಂದು ಏರುಪೇರನ್ನೂ ಕುಳಿತವರಿಗೆ ಮುಟ್ಟಿಸುತ್ತದೆ. ತಪಾಸಣೆಗೆ ಬೇಕಾದದ್ದೂ ಅದೇ.

ಒಂಟಿ ಹಳಿ, ಎರಡು ರೈಲು

ಹಳೆಯ ಸಿಗ್ನಲ್ ಸಾಮಗ್ರಿ ಕಂಡರೆ ದಾಟಿ ಹೋಗಬೇಡಿ. ಮೀಟರ್‌ಗೇಜ್ ಮಾರ್ಗಗಳು ಬಹುತೇಕ ಒಂಟಿ ಹಳಿಯವು. ಎದುರುಬದುರು ರೈಲು ಬಂದರೆ ಗತಿ ಏನು? ಫೋನಿನಲ್ಲಿ ಹೇಳಿದ ಮಾತನ್ನು ನಂಬಿ ಜೀವ ಪಣಕ್ಕಿಡುವ ಹಾಗಿಲ್ಲ. ಅದಕ್ಕೆ ಟೋಕನ್ ಎಂಬ ಪದ್ಧತಿ ಇತ್ತು.

ಎರಡು ಪಕ್ಕದ ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ. ಎರಡಕ್ಕೂ ವಿದ್ಯುತ್ ತಂತಿಯ ಸಂಪರ್ಕ. ಒಳಗೆ ಉಕ್ಕಿನ ಗುಂಡುಗಳು. ಒಂದು ಯಂತ್ರದಿಂದ ಒಂದು ಗುಂಡು ಹೊರಬಂದರೆ, ಅದು ಮತ್ತೆ ಎರಡರಲ್ಲಿ ಯಾವುದಾದರೂ ಒಂದು ಯಂತ್ರದ ಒಳಗೆ ಹೋಗುವ ತನಕ ಇನ್ನೊಂದು ಗುಂಡು ಹೊರಬರುವುದೇ ಇಲ್ಲ. ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಆ ಹಳಿಗೆ ಕಾಲಿಡುವಂತಿಲ್ಲ. ಗುಂಡು ಒಂದೇ, ಹಾಗಾಗಿ ಎರಡು ಸ್ಟೇಷನ್ನುಗಳ ನಡುವೆ ರೈಲೂ ಒಂದೇ. ಎಷ್ಟು ಸರಳ, ಎಷ್ಟು ಭದ್ರ!

ನಿಲ್ಲದೆ ಹೋಗುವ ರೈಲಿಗೆ ಈ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ ಕೊಡುತ್ತಿದ್ದರು. ಪ್ಲಾಟ್‌ಫಾರಂ ಮೇಲೆ ನಿಂತವರು ಬಳೆಯನ್ನು ಎತ್ತಿ ಹಿಡಿಯಬೇಕು. ಓಡುವ ಎಂಜಿನ್ನಿನಿಂದ ಫೈರ್‌ಮನ್ ತೋಳು ತೂರಿಸಿ ಅದನ್ನು ಹಿಡಿಯಬೇಕು, ಹಳೆಯ ಬಳೆಯನ್ನು ಕೆಳಗೆ ಎಸೆಯಬೇಕು. ಸಣ್ಣ ಊರಿನ ಸ್ಟೇಷನ್ ಹತ್ತಿರ ಬೆಳೆದವರಿಗೆ ಈ ದೃಶ್ಯ ಮರೆಯಲು ಸಾಧ್ಯವಿಲ್ಲ.

ಕೈಮರದ ಸಿಗ್ನಲ್ಲಿನಲ್ಲೂ ಇಂಥದೇ ಜಾಣತನ ಇದೆ. ಕೈ ಅಡ್ಡಕ್ಕೆ ನಿಂತಿದ್ದರೆ ನಿಲ್ಲು, ಕೆಳಗೆ ಬಾಗಿದ್ದರೆ ಹೊರಡು. ದೂರದ ಕ್ಯಾಬಿನ್ನಿನಿಂದ ತಂತಿ ಎಳೆದು ಕೈಯನ್ನು ಬಾಗಿಸುತ್ತಾರೆ. ಆ ತಂತಿ ತುಂಡಾದರೆ? ಕೈಗೆ ಭಾರದ ತೂಕ ಕಟ್ಟಿರುತ್ತಾರೆ, ಅದು ಕೈಯನ್ನು ತಾನಾಗಿಯೇ ಅಡ್ಡಕ್ಕೆ ತಂದು ನಿಲ್ಲಿಸುತ್ತದೆ. ಕೆಟ್ಟರೂ ಅಪಾಯವಾಗದ ಕಡೆಗೇ ಕೆಡಬೇಕು ಎಂಬ ನಿಯಮ. ಇವತ್ತಿನ ಕಂಪ್ಯೂಟರ್ ಸಿಗ್ನಲ್ಲುಗಳೂ ಇದೇ ನಿಯಮದ ಮೇಲೆ ನಡೆಯುತ್ತವೆ.

ರಟ್ಟಿನ ಸಣ್ಣ ಟಿಕೆಟ್ಟು, ತಾರೀಖು ಒತ್ತುವ ಯಂತ್ರದ ಟಕ್ ಶಬ್ದ ನೆನಪಿರುವವರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಯಾವ ಫಲಕಕ್ಕಿಂತಲೂ ಅವರು ಚೆನ್ನಾಗಿ ವಿವರಿಸುತ್ತಾರೆ.

ಬದುಕಿರುವಾಗಲೇ ಮ್ಯೂಸಿಯಂ

ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ 1977ರಲ್ಲಿ ಶುರುವಾಯಿತು. ಎರಡೇ ವರ್ಷದಲ್ಲಿ, 1979ರಲ್ಲಿ, ಮೈಸೂರಿನದ್ದು ಬಂತು. ದೇಶದಲ್ಲಿ ಈ ಬಗೆಯ ಎರಡನೆಯದು. ಈ ಇಸವಿಯನ್ನು ಸ್ವಲ್ಪ ಗಮನಿಸಬೇಕು. ಆಗ ಪಕ್ಕದ ಮೈಸೂರು ನಿಲ್ದಾಣದಲ್ಲಿ ಇದ್ದದ್ದು ಮೀಟರ್‌ಗೇಜ್ ಹಳಿಯೇ. ಉಗಿ ಎಂಜಿನ್ನುಗಳು ಇನ್ನೂ ಓಡುತ್ತಿದ್ದವು. ಹಾಸನದಿಂದ ಸಕಲೇಶಪುರ, ಸುಬ್ರಹ್ಮಣ್ಯ ಮಾರ್ಗವಾಗಿ ಮಂಗಳೂರಿಗೆ ಘಟ್ಟ ಇಳಿಯುವ ಮೀಟರ್‌ಗೇಜ್ ಮಾರ್ಗ ಪೂರ್ತಿಯಾದದ್ದೂ ಅದೇ 1979ರಲ್ಲಿ. ಅಂದರೆ ಹೊಸ ಮೀಟರ್‌ಗೇಜ್ ಹುಟ್ಟುತ್ತಿದ್ದ ವರ್ಷದಲ್ಲೇ ಹಳೆಯದನ್ನು ಕಾಪಾಡಬೇಕು ಎಂದು ಯಾರಿಗೋ ಹೊಳೆದಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಎಲ್ಲ ಗುಜರಿಗೆ ಹೋದ ಮೇಲೆ ಹುಡುಕಾಟ ಶುರುವಾಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಈ ಮ್ಯೂಸಿಯಂ ಬಗ್ಗೆ ನನಗೆ ಇರುವ ದೊಡ್ಡ ಗೌರವ ಇದೇ.

ಉಗಿ ಹೋಗುವುದು ಆಗಲೇ ಖಚಿತವಾಗಿತ್ತು. ಭಾರತದಲ್ಲಿ ಉಗಿ ಎಂಜಿನ್ನಿನ ತಯಾರಿ 1972ಕ್ಕೇ ನಿಂತಿತ್ತು. ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಭಾಗವೂ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ. ಉಳಿದದ್ದೆಲ್ಲ ಚಿಮಣಿಯಲ್ಲಿ ಹೋಗುತ್ತಿತ್ತು. ಡೀಸೆಲ್ ಅದಕ್ಕಿಂತ ಎಷ್ಟೋ ಪಟ್ಟು ಮೇಲು. ದಾರಿಯಲ್ಲಿ ನೀರಿಗೆ ನಿಲ್ಲಬೇಕಾಗಿಲ್ಲ, ಬೆಳಗಿನ ಜಾವ ಎದ್ದು ಬೆಂಕಿ ಹಾಕಬೇಕಾಗಿಲ್ಲ.

ಮೀಟರ್‌ಗೇಜ್ ಹೋದದ್ದಕ್ಕೆ ಬೇರೆ ಕಾರಣ. ಒಂದು ಗೇಜಿನ ವ್ಯಾಗನ್ ಇನ್ನೊಂದು ಗೇಜಿನ ಮೇಲೆ ಹೋಗುವುದಿಲ್ಲ. ಮದ್ರಾಸಿನಿಂದ ಬ್ರಾಡ್‌ಗೇಜಿನಲ್ಲಿ ಬಂದ ಸರಕು ಮೈಸೂರಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಮೂಟೆ ಮೂಟೆಯಾಗಿ ಇಳಿಸಿ ಪಕ್ಕದ ವ್ಯಾಗನ್ನಿಗೆ ತುಂಬಬೇಕಿತ್ತು. ಸಮಯ ಹೋಗುತ್ತಿತ್ತು, ಕೂಲಿ ಹೋಗುತ್ತಿತ್ತು, ಮಾಲು ಒಡೆಯುತ್ತಿತ್ತು, ಕಳುವಾಗುತ್ತಿತ್ತು. ರೈಲು ಕಡಿಮೆ ಇದ್ದಾಗ ಇದನ್ನು ಸಹಿಸಬಹುದಿತ್ತು. ಸರಕು ಹೆಚ್ಚಿದಂತೆ ಇದು ಇಡೀ ದೇಶದ ಕುತ್ತಿಗೆ ಹಿಸುಕಿತು. ಕಟ್ಟುವಾಗ ಉಳಿಸಿದ ಹಣವನ್ನು ಹೀಗೆ ದಿನಾ ಸ್ವಲ್ಪ ಸ್ವಲ್ಪವಾಗಿ ಕಟ್ಟಬೇಕಾಯಿತು.

ರೈಲ್ವೆ 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ದೊಡ್ಡ ಕೆಲಸ ಶುರು ಮಾಡಿತು. ಬೆಂಗಳೂರು-ಮೈಸೂರು ಮಾರ್ಗ 1990ರ ದಶಕದಲ್ಲೇ ಬ್ರಾಡ್‌ಗೇಜ್ ಆಯಿತು. ಘಟ್ಟದ ಹಾಸನ-ಮಂಗಳೂರು ಮಾರ್ಗ 1996ರಲ್ಲಿ ಮುಚ್ಚಿತು. ಅಲ್ಲಿ ಮತ್ತೆ ಗೂಡ್ಸ್ ರೈಲು ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ಇದರಿಂದ ಲಾಭ ಎಷ್ಟಾಯಿತು ಎಂದು ಬೇರೆ ಹೇಳಬೇಕಾಗಿಲ್ಲ. 2022ರ ನವೆಂಬರ್‌ನಿಂದ ಚೆನ್ನೈ-ಮೈಸೂರು ವಂದೇ ಭಾರತ್ ಬೋಗಿ ಬದಲಿಸದೆ ನೇರವಾಗಿ ಬರುತ್ತಿದೆ. ಮೀಟರ್‌ಗೇಜ್ ಉಳಿಯಬೇಕಿತ್ತು ಎಂದು ನಾನು ವಾದಿಸುವುದಿಲ್ಲ. ಅದು ತನ್ನ ಕಾಲದ ಬಡತನಕ್ಕೆ ಸರಿಯಾದ ಉತ್ತರವಾಗಿತ್ತು. ಆ ಉತ್ತರ ಹೇಗಿತ್ತು ಎಂದು ತೋರಿಸುವ ಜಾಗ ಒಂದಾದರೂ ಇರಬೇಕು.

ಹಾಗೆ ಉಳಿಸುವುದು ಸುಲಭದ ಕೆಲಸವಲ್ಲ. ಬಯಲಿನಲ್ಲಿ ನಿಂತ ಕಬ್ಬಿಣ ಮಳೆಗೆ ತುಕ್ಕು ಹಿಡಿಯುತ್ತದೆ. ಮೇಲಿನಿಂದ ಬಣ್ಣ ಬಳಿದರೆ ಹೊರಗೆ ಚೆನ್ನಾಗಿ ಕಾಣುತ್ತದೆ, ಆದರೆ ಕೊಳವೆಗಳ ಒಳಗೆ, ತಗಡುಗಳ ಸಂದಿಯಲ್ಲಿ ತೇವ ನಿಂತು ತಿನ್ನುತ್ತಲೇ ಇರುತ್ತದೆ. ಮರದ ಬೋಗಿಗಳಿಗೆ ಗೆದ್ದಲಿನ ಭಯ, ಬಿಸಿಲಿನ ಭಯ. ಸಲೂನುಗಳನ್ನು ಸೂರಿನ ಅಡಿಯಲ್ಲಿ ಇಟ್ಟಿರುವುದಕ್ಕೆ ಇದೇ ಕಾರಣ. ಮಕ್ಕಳು ಎಂಜಿನ್ ಹತ್ತಲಿ, ಮುಟ್ಟಲಿ, ಅದರಿಂದಲೇ ಅವರಿಗೆ ಪ್ರೀತಿ ಹುಟ್ಟುವುದು. ಆದರೆ ಹಿತ್ತಾಳೆಯ ಹಿಡಿಕೆಗಳನ್ನು ಜಗ್ಗುವುದು, ಬಣ್ಣ ಕೆರೆದು ಹೆಸರು ಬರೆಯುವುದು ಬೇಡ. ಕಳೆದುಹೋದ ಒಂದು ವಾಲ್ವಿಗೆ ಬದಲಿ ಎಲ್ಲೂ ಸಿಗುವುದಿಲ್ಲ.

ನಿಂತ ಎಂಜಿನ್ ನೋಡಿ ಸಾಕಾಗದಿದ್ದರೆ, ಓಡುವ ಮೀಟರ್‌ಗೇಜ್ ನೋಡಲು ಮೈಸೂರಿನವರು ತುಂಬ ದೂರ ಹೋಗಬೇಕಾಗಿಲ್ಲ. ಬಂಡೀಪುರ, ಗೂಡಲೂರು ದಾಟಿದರೆ ಊಟಿ. ಮೆಟ್ಟುಪಾಳ್ಯದಿಂದ ಊಟಿಗೆ ಹೋಗುವ 46 ಕಿಲೊಮೀಟರ್ ನೀಲಗಿರಿ ರೈಲಿನ ಹಳಿಯೂ ಒಂದು ಮೀಟರ್ ಅಗಲದ್ದೇ. ಅದು ಕೂನೂರು ತಲುಪಿದ್ದು 1899ರಲ್ಲಿ, ಊಟಿ ತಲುಪಿದ್ದು 1908ರಲ್ಲಿ. ಯುನೆಸ್ಕೊ 2005ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹಳಿಯ ಅಳತೆ ಬದಲಾಗಿಲ್ಲ. ಮೆಟ್ಟುಪಾಳ್ಯದ ಮುಂದಿನ ಕಲ್ಲಾರಿನಿಂದ ಕೂನೂರಿನ ತನಕದ ಕಡಿದಾದ ಏರಿನಲ್ಲಿ ಉಗಿ ಎಂಜಿನ್ ರೈಲಿನ ಹಿಂದೆ ನಿಂತು ತಳ್ಳುತ್ತದೆ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಎಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಆ ಹಲ್ಲಿನ ಚಕ್ರಕ್ಕಾಗಿಯೇ ಬೇರೆ ಜೊತೆ ಸಿಲಿಂಡರುಗಳಿವೆ. ಕೂನೂರಿನಲ್ಲಿ ಇಳಿದು ಎಂಜಿನ್ನಿನ ಪಕ್ಕಕ್ಕೆ ಹೋಗಿ ಎಣಿಸಿ, ಒಂದೊಂದು ಬದಿಯಲ್ಲಿ ಎರಡೆರಡು ಕಾಣುತ್ತವೆ.